ಒಂಬತ್ತು ದಿನದ ಕಟ್ಟು

ವಸ್ತಾದರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಮರದ ಸೌಟಿನ ಹಾಗೆ ಅಗಲವಾಗಿತ್ತು. ಉಗುರು ಹಳದಿಗಟ್ಟಿ, ದಪ್ಪಗಾಗಿ, ನಡುವೆ ಸೀಳಿತ್ತು. ಮುರಿದ ಕೈಯೋ ಕಾಲೋ ಎದುರಿಗೆ ಬಂದರೆ ಅವರು ಕಣ್ಣು ಮುಚ್ಚಿಕೊಂಡು ಆ ಹೆಬ್ಬೆರಳನ್ನು ಚರ್ಮದ ಮೇಲೆ ಮೆಲ್ಲಗೆ ಜಾರಿಸುತ್ತಾ ಹೋಗುವರು. ಅದು ನಿಂತ ಕಡೆ ಮೂಳೆ ಮುರಿದಿದೆ ಎಂದೇ ಅರ್ಥ. ಮದ್ದೂರಿನಲ್ಲಿ ಆಗ ಅದನ್ನು ಅನುಮಾನಿಸುವವರು ಒಬ್ಬರೂ ಇರಲಿಲ್ಲ. ನಾನೂ ಅನುಮಾನಿಸಲಿಲ್ಲ, ದಡ್ಡ ಮುಂಡೇದು.

ಶಿಂಷಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಗರಡಿ ಇತ್ತು. ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದರು, ಪಟ್ಟು ಹಾಕುವಾಗ ಜಾರಿದ ಭುಜಗಳನ್ನು ಕೂಡಿಸುತ್ತಿದ್ದರು. ಹಾಗೆ ಕೂಡಿಸುತ್ತಾ ಕೂಡಿಸುತ್ತಾ ಸುತ್ತಲ ಮೂವತ್ತು ಹಳ್ಳಿಯ ಮೂಳೆಗಳೆಲ್ಲ ಅವರ ಪಾಲಿಗೆ ಬಂದವು. ಸಾಬರಾದ ಅವರ ಮನೆಯ ಪಡಸಾಲೆಯಲ್ಲಿ ಎಲ್ಲ ಜಾತಿಯವರೂ ಸಾಲಾಗಿ ಕೂತು ನರಳುತ್ತಿದ್ದರು. ವಸ್ತಾದರು ಎದುರಿಗೆ ಕೂತು, "ಮನ್ಯಾಗೆ ಇವತ್ತು ಏನ್ ಸಾರು?" ಎಂದು ಕೇಳುವರು. "ಹುರುಳಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಲಟಕ್ಕನೆ ಎಳೆದುಬಿಟ್ಟಿರುತ್ತಿದ್ದರು. ಮೂಳೆ ಕೂಡುವುದೇ ಹಾಗೆ ಎಂದು ನಾವು ನಂಬಿದ್ದೆವು. ನಿಜಕ್ಕೂ ನೂರರಲ್ಲಿ ತೊಂಬತ್ತು ಕೂಡುತ್ತಿದ್ದವು, ಅದನ್ನು ಇಲ್ಲ ಎನ್ನಲಾರೆ.

ಅವರ ಕಟ್ಟಿಗೆ ಒಂದು ಕಟ್ಟಳೆ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಲೋಳೆ ಕಲಸಿ ಬಟ್ಟೆಗೆ ಬಳಿದು ಸುತ್ತುವುದು, ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿಯುವುದು, ಕೊನೆಯ ಗಂಟಿನ ಮೇಲೆ ಒಂದು ಅರಿಸಿನದ ದಾರ. ಒಂಬತ್ತು ದಿನ ಆ ದಾರವನ್ನು ಯಾರೂ ಮುಟ್ಟಕೂಡದು. ಕಟ್ಟಿದವರೇ ಬಿಚ್ಚಬೇಕು. ಮುಂಚೆ ಬಿಚ್ಚಿದರೆ ಕೈಗುಣ ಹೋಯಿತು ಎಂದೇ ಲೆಕ್ಕ. ಈ ಕಟ್ಟಳೆ ಅವರ ತಾತನದು. ಮದ್ದೂರಿನಿಂದ ಹಲಗೂರಿನವರೆಗೆ ಮೂಳೆ ಕಟ್ಟುವವರೆಲ್ಲರೂ ಇದನ್ನು ಹಿಡಿದುಕೊಂಡಿದ್ದರು.

ನಾನು ಮಳವಳ್ಳಿಯಲ್ಲಿ ರಿಜಿಸ್ಟ್ರಾರ್ ಕಚೇರಿಯ ಎದುರು ಚಾಪೆ ಹಾಸಿಕೊಂಡು ಪತ್ರ ಬರೆಯುವವನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಅಕ್ಷರ ಮುತ್ತು. ಕ್ರಯಪತ್ರವನ್ನು ನನ್ನಿಂದಲೇ ಬರೆಸಬೇಕೆಂದು ಎರಡು ದಿನ ಕಾಯುವವರಿದ್ದರು. ಯುದ್ಧದ ಕಾಲ ಅದು, ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅಂದರೆ, ಏರು ಬಂದಾಗಲೆಲ್ಲ ನಾವು ಇಳಿದು ತಳ್ಳುತ್ತಿದ್ದೆವು. ಮದ್ದೂರಿಗೆ ಹೋಗುವಾಗ ಹಾಗೆ ತಳ್ಳುತ್ತಿದ್ದಾಗ ಕಾಲು ಜಾರಿ ಬಿದ್ದೆ. ಬಲಗೈ ಮೊಣಕೈಯ ಹತ್ತಿರ ಮುರಿಯಿತು.

ಮದ್ದೂರಿನ ಸರ್ಕಾರಿ ಆಸ್ಪತ್ರೆ ಕೂಗಳತೆಯಲ್ಲೇ ಇತ್ತು. ಆಸ್ಪತ್ರೆಗೆ ಹೋದರೆ ಕೈ ಕತ್ತರಿಸುತ್ತಾರೆ ಎಂಬ ಭಯಕ್ಕೆ ವಸ್ತಾದರ ಪಡಸಾಲೆಗೇ ಹೋದೆ. ಸಾರಿನ ವಿಚಾರ ಕೇಳಿದರು, ಎಳೆದರು, ಬಿಗಿದರು. ಅಲ್ಲೇ ಮದ್ದೂರಿನಲ್ಲಿದ್ದ ನನ್ನ ಮಾವನ ಮನೆಯಲ್ಲಿ ಉಳಿದೆ. ಸಂಜೆಯ ಹೊತ್ತಿಗೆ ಶುರುವಾದ ನೋವು ಎಂಥದ್ದೆಂದರೆ, ಮುರಿದಾಗಿನ ನೋವೇ ವಾಸಿ ಅನ್ನಿಸಿತು. ಬೆರಳು ಉಬ್ಬಿ ಬೆಳ್ಳಗಾದವು. ಮಾರನೆಯ ಬೆಳಿಗ್ಗೆ, ಅಲ್ಲೇ ತವರಿಗೆ ಬಂದಿದ್ದ ನನ್ನ ಹೆಂಡತಿ ವಸ್ತಾದರ ಮನೆಗೆ ಓಡಿದಳು.

"ಬೆರಳು ಮರಗಟ್ಟವೆ ಕಣಪ್ಪ, ಒಂದೀಟು ಸಡ್ಲ ಮಾಡ್ಕೊಡಿ," ಎಂದು ಅತ್ತಳಂತೆ.

"ನೋವು ಬಂದ್ರೆ ಮೂಳೆ ಕೂಡ್ತಾ ಐತೆ ಅಂತ ತಿಳ್ಕೊ ಕಣಮ್ಮ," ಎಂದರಂತೆ ಅವರು. "ಒಂಬತ್ತು ದಿನ ಅಂದ್ರೆ ಒಂಬತ್ತು ದಿನ. ಓಗು, ಧೈರ್ಯವಾಗಿರು."

ಮೂರನೆಯ ದಿನ ನೋವು ನಿಂತಿತು. ಅಯ್ಯೋ ನಮ್ಮ ಮೂಢತನವೇ! ಗುಣವಾಯಿತೆಂದು ಮನೆಯಲ್ಲಿ ಪಾಯಸ ಮಾಡಿದರು. ಒಂಬತ್ತನೆಯ ದಿನ ವಸ್ತಾದರು ದಾರ ಕಿತ್ತು ಕಟ್ಟು ಬಿಚ್ಚಿದಾಗ ಮೂಳೆ ನೆಟ್ಟಗೆ ನಿಂತಿತ್ತು. ಕೈ ಸತ್ತುಹೋಗಿತ್ತು. ಮುಂಗೈ ಮರದ ಹಾಗೆ ಗಟ್ಟಿ, ಬೆರಳುಗಳು ಒಳಕ್ಕೆ ಮಡಚಿಕೊಂಡು ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಆ ಮನುಷ್ಯ ನನ್ನ ಒಂದೊಂದು ಬೆರಳನ್ನೂ ಹಿಡಿದು ನೋಡಿದರು. ಎದ್ದು, ಟೋಪಿ ಹಾಕಿಕೊಂಡು, ನನ್ನನ್ನು ತಾವೇ ಆಸ್ಪತ್ರೆಗೆ ನಡೆಸಿಕೊಂಡು ಹೋದರು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಕೋಪಿಷ್ಠರು. ಕೈ ನೋಡಿದವರೇ, "ಯಾರು ಮಾಡಿದ್ದು ಈ ಕೆಲಸ?" ಎಂದು ಗುಡುಗಿದರು.

"ನಾನೇ ಸ್ವಾಮಿ," ಎಂದರು ವಸ್ತಾದರು. "ಬಯ್ಯೋದು ಆಮೇಲೆ ಬಯ್ಯೀರಂತೆ. ನಾನು ಏನು ಮಾಡ್ಬೇಕಾಗಿತ್ತು, ಅದ ಹೇಳಿ."

ಡಾಕ್ಟರು ನನ್ನ ಕೈಯನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, "ಗುರುವಾರ ಮಧ್ಯಾಹ್ನ ಬನ್ನಿ," ಎಂದರು.

ಗುರುವಾರ ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಒಂದು ಪಾಠ ನಡೆಯುತ್ತಿತ್ತು. ಬೆಂಗಳೂರಿನಿಂದ ಡಾಕ್ಟರಿಗೆ ಅಂಚೆಯಲ್ಲಿ ವೈದ್ಯರ ಪತ್ರಿಕೆ ಬರುತ್ತಿತ್ತು. ಯುದ್ಧದಲ್ಲಿ ಕೈಕಾಲು ಮುರಿದುಕೊಂಡ ಸಿಪಾಯಿಗಳಿಂದ ಕಲಿತ ಹೊಸ ವಿಚಾರಗಳೆಲ್ಲ ಅದರಲ್ಲಿ ಇರುತ್ತಿದ್ದವಂತೆ. ಡಾಕ್ಟರು ಅದನ್ನು ಕನ್ನಡದಲ್ಲಿ ಕಾಂಪೌಂಡರಿಗೂ ನರ್ಸಮ್ಮನಿಗೂ ಬಿಡಿಸಿ ಹೇಳುವರು. ಓದು ಬರಹ ಬಾರದ, ಅರವತ್ತು ದಾಟಿದ ವಸ್ತಾದರು ಅಂದಿನಿಂದ ಅಲ್ಲಿ ಮೂರನೆಯ ಶಿಷ್ಯ. ನಾನು ಬೆರಳು ತಿಕ್ಕಿಸಿಕೊಳ್ಳಲು ಅದೇ ದಿನ ಹೋಗುತ್ತಿದ್ದುದರಿಂದ ಒಂದು ಮೂಲೆಯಲ್ಲಿ ಕೂತು ಅವರನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೆ. ಕಾಂಪೌಂಡರು ಮುಸಿಮುಸಿ ನಗುತ್ತಿದ್ದರು. ನನಗೆ ಆ ನಗು ಹಿತವಾಗಿತ್ತು.

"ಒಳಗೆ ರಕ್ತ ಓಡ್ತಾ ಐತೋ ಇಲ್ವೋ, ಹೊರಗಿರೋನಿಗೆ ಎಂಗೆ ಕಾಣ್ತದೆ ಸ್ವಾಮಿ?" ಎಂದು ಕೇಳಿದರು ವಸ್ತಾದರು ಒಂದು ಸಲ.

ಡಾಕ್ಟರು ಉಗುರು ಒತ್ತಿ ಬಿಟ್ಟು ತೋರಿಸಿದರು. ಬೆಳ್ಳಗಾದದ್ದು ತಕ್ಷಣ ಕೆಂಪಾದರೆ ರಕ್ತ ಬರುತ್ತಿದೆ. ಬಾರದಿದ್ದರೆ, ಇಲ್ಲವೇ ಬೆರಳು ನೆಟ್ಟಗೆ ಮಾಡಿದಾಗ ಪ್ರಾಣ ಹೋಗುವಂತೆ ನೋವಾದರೆ, ಕಟ್ಟನ್ನು ಚರ್ಮ ಕಾಣುವವರೆಗೆ ಕತ್ತರಿಸಿ ತೆಗೆಯಬೇಕು. ಅದು ಗಂಟೆಗಳ ಮಾತು, ದಿನಗಳ ಮಾತಲ್ಲ. ವಸ್ತಾದರು ತಮ್ಮ ಹೆಬ್ಬೆರಳ ಉಗುರನ್ನು ಒತ್ತಿಕೊಂಡರು. ಅದು ದಪ್ಪ, ಏನೂ ಕಾಣಲಿಲ್ಲ. ನರ್ಸಮ್ಮನ ಬೆರಳು ಕೇಳಿದರು, ಕಾಂಪೌಂಡರ ಬೆರಳು ಕೇಳಿದರು. ಆಮೇಲೆ ಎಲ್ಲವನ್ನೂ ನಾಲ್ಕು ಮಾತಿಗೆ ಇಳಿಸಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು: "ಬಣ್ಣ, ಬಿಸಿ, ಅರಿವು, ಅಲುಗಾಟ." ಡಾಕ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ ಅದನ್ನೇ ಸುಣ್ಣದ ಗೋಡೆಯ ಮೇಲೆ ಬರೆಸಿದರು.

ಅದೇ ದಿನ ಎದ್ದು ಹೋಗುವ ಮುಂಚೆ ವಸ್ತಾದರು ನನ್ನ ಕಡೆ ನೋಡದೆ ಡಾಕ್ಟರನ್ನು ಕೇಳಿದರು: "ಮಾರ್ನೇ ದಿನ ಬೆಳಿಗ್ಗೆ ಬಂದಿದ್ಲು ಆಯಮ್ಮ. ಅವಾಗ ಬಿಚ್ಚಿದ್ರೆ?"

"ಉಳಿಯಬಹುದಿತ್ತು," ಎಂದರು ಡಾಕ್ಟರು.

ಅವರು ತಲೆ ಆಡಿಸಿ ಮೆಟ್ಟಿಲಿಳಿದು ಹೋದರು. ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ. ಎಡಗೈಯಲ್ಲಿ ಅಕ್ಷರ ತಿದ್ದುತ್ತಾ ಮೂವತ್ತೆರಡನೆಯ ವಯಸ್ಸಿನಲ್ಲಿ ಕೂಲಿಮಠದ ಹುಡುಗನಾಗಿದ್ದೆ ನಾನು.

ಅಂದಿನಿಂದ ವಸ್ತಾದರು ಅರಿಸಿನದ ದಾರ ಬಿಟ್ಟರು. ಕಟ್ಟಿ ಕಳಿಸಿ ಸಂಜೆ ತಾವೇ ಮನೆ ಹುಡುಕಿಕೊಂಡು ಹೋಗಿ ಉಗುರು ಒತ್ತಿ ನೋಡುವರು, ಅನುಮಾನ ಬಂದರೆ ಅಲ್ಲೇ ಕತ್ತರಿಸುವರು, ಮಿಕ್ಕದ್ದಕ್ಕೆ ಆಸ್ಪತ್ರೆಗೆ ಕರೆದೊಯ್ಯುವರು. ಜನ ಮೆಚ್ಚಿದರು ಅಂದುಕೊಂಡಿರಾ? "ವಸ್ತಾದ್ ಕೈ ಸಡ್ಲ ಆಗೋಯ್ತು ಕಣ್ಲಾ, ಕಟ್ಟಿದ್ದ ತಾನೇ ಬಿಚ್ತಾನೆ," ಎಂದು ಆಡಿಕೊಂಡು, ಬಸ್ಸು ಹತ್ತಿ ಹಲಗೂರಿನಲ್ಲಿ ಮೂಳೆ ಕಟ್ಟುವವನ ಹತ್ತಿರ ಹೋಗತೊಡಗಿದರು. ಆತ ಹಳೆಯ ಕಟ್ಟಳೆಯಂತೆಯೇ ಒಂಬತ್ತು ದಿನ ಬಿಗಿಯುತ್ತಿದ್ದ. ವಸ್ತಾದರ ಪಡಸಾಲೆ ಖಾಲಿಯಾಯಿತು.

ಒಂದು ದಿನ ಮಧ್ಯಾಹ್ನ ಅವರು ಮಳವಳ್ಳಿಗೆ ಬಂದು ನನ್ನ ಚಾಪೆಯ ಎದುರು ಕುಕ್ಕರುಗಾಲಲ್ಲಿ ಕೂತರು.

"ರೈಟ್ರೇ, ಹಲಗೂರ್ನಾಗೆ ಸಂತೆ ದಿನ ಮೂಳೆ ಕಟ್ಟೋರೆಲ್ಲ ಸೇರ್ತಾರೆ. ಓದ್ ವಾರ ಓಗಿ ಎಲ್ಲಾನೂ ಹೇಳ್ದೆ. ನಕ್ಬುಟ್ರು. ನನ್ನ ಮಾತ್ನ ನಂಬಕ್ಕಿಲ್ಲ ಅವ್ರು. ನಿಮ್ಮ ಕೈ ನೋಡಿದ್ರೆ ನಂಬ್ತಾರೆ. ಒಂದ್ಸಲ ಬನ್ನಿ. ನನ್ನೇ ಬಯ್ದು ತೋರ್ಸಿ, ಪರವಾಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಕೈ ಏನು ಬೊಂಬೆಯಾಟದ ಬೊಂಬೇನಾ? ಕೆಡಿಸಿದ್ದೂ ಸಾಲದು ಅಂತ ಊರೂರು ಮೆರೆಸ್ತೀರಾ? ಎದ್ದೋಗ್ರೀ!" ಎಂದು ಕಚೇರಿಯ ಮುಂದಿನ ಜನವೆಲ್ಲ ತಿರುಗಿ ನೋಡುವಂತೆ ಕೂಗಿದೆ.

"ಇನ್ನೊಬ್ರ ಕೈ ಉಳಿತದೆ ರೈಟ್ರೇ," ಎಂದರು ಮೆಲ್ಲಗೆ.

"ನನ್ನದು ಉಳೀತಾ?" ಎಂದೆ.

ಅವರು ಎದ್ದು ಹೋದರು. ಆಮೇಲೂ ಎರಡು ಸಲ ಬಂದರು. ಎರಡು ಸಲವೂ ಕಳಿಸಿದೆ. ಹಾಗೆ ಕಳಿಸಿದ ದಿನ ಊಟ ರುಚಿಸುತ್ತಿತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಮುಂದಿನ ಬೇಸಿಗೆಯಲ್ಲಿ ಹಲಗೂರಿನ ಕಡೆಯ ರೈತನೊಬ್ಬ ಮಗಳನ್ನು ಕರೆದುಕೊಂಡು ನನ್ನ ಚಾಪೆಗೆ ಬಂದ. ಗಂಡನ ಕಡೆಯವರು ನಾಲ್ಕು ಜನ ಜೊತೆಗಿದ್ದರು. ಗಂಡ ಹೆಂಡಿರ ಬಿಡುಗಡೆ ಪತ್ರ ಬರೆಯಬೇಕು ಎಂದರು. ಹುಡುಗಿಗೆ ಹದಿನೆಂಟಿರಬಹುದು. ಸೆರಗನ್ನು ಎಡಭುಜದ ಮೇಲೆ ಬಿಗಿಯಾಗಿ ಹೊದ್ದಿದ್ದಳು. ನಾನು ಎಡಗೈಯಲ್ಲಿ ಬರೆದು ಮುಗಿಸಿ ಮಸಿಯ ಡಬ್ಬಿ ಮುಂದಿಟ್ಟು, ಅಭ್ಯಾಸ ಬಲದಿಂದ, "ಎಡಗೈ ಹೆಬ್ಬೆಟ್ಟು ಒತ್ತವ್ವ," ಎಂದೆ.

ಅವಳು ಬಲಗೈ ಚಾಚಿದಳು.

"ಕಣದಾಗೆ ಬಿದ್ದು ಮೊಣಕೈತಾವ ಮುರೀತು ಸ್ವಾಮಿ," ಎಂದ ಅಪ್ಪ. "ಹಲಗೂರ್ನಾಗೆ ಕಟ್ಟಿಸ್ದೋ. ಒಂಬತ್ತು ದಿನಕ್ಕೆ ಬಿಚ್ಚಿದ್ರೆ ಕೈ ಕರ್‍ರಗಾಗಿತ್ತು. ಆಸ್ಪತ್ರೇಲಿ ತೆಗ್ದಾಕಿದ್ರು. ಒಂಟಿ ಕೈಯೋಳು ಮುದ್ದೆ ಎಂಗೆ ಕೂಡ್ಸಾಳು ಅಂತವ್ರೆ ಇವ್ರು."

"ಎಡಗೈ ಇಲ್ಲವಾದ್ದರಿಂದ ಬಲಗೈ ಹೆಬ್ಬೆಟ್ಟಿನ ಗುರುತು" ಎಂದು ನಾನೇ ಪತ್ರದ ಅಡಿಯಲ್ಲಿ ಬರೆಯಬೇಕಾಯಿತು. ವಸ್ತಾದರು ಮೊದಲ ಸಲ ನನ್ನ ಚಾಪೆಗೆ ಬಂದು ಹೋದ ಮೇಲೆ, ಆರು ತಿಂಗಳಿಗೆ ಅವಳ ಕೈ ಮುರಿದಿತ್ತು. ಕೇಳಿ ತಿಳಿದುಕೊಂಡೆ. ಕೇಳಬಾರದಿತ್ತು.

ಮಾರನೆಯ ದಿನವೇ ಮದ್ದೂರಿಗೆ ಹೋಗಿ, "ನಡೀರಿ, ಬರ್ತೀನಿ," ಎಂದೆ. ವಸ್ತಾದರು ಏನು, ಎತ್ತ ಎಂದು ಕೇಳಲಿಲ್ಲ. ಆ ಹುಡುಗಿಯ ವಿಷಯ ಅವರಿಗೆ ಆಗಲೇ ತಿಳಿದಿತ್ತು. ಸಂತೆಯ ದಿನ ಹಲಗೂರಿನವನ ಮನೆಯ ಜಗಲಿಯಲ್ಲಿ ಆರೇಳು ಜನ ಮೂಳೆ ಕಟ್ಟುವವರು ಕೂತಿದ್ದರು. ಸಂತೆಗೆ ಬಂದ ಆ ಹುಡುಗಿಯ ಅಪ್ಪನೂ ಕಂಬ ಹಿಡಿದು ನಿಂತಿದ್ದ. ನಾನು ಅಂಗಿಯ ತೋಳು ಮೇಲೇರಿಸಿ ಕೈ ಮುಂದಿಟ್ಟೆ. ವಸ್ತಾದರು, "ಇದು ನಾನು ಕೆಡ್ಸಿದ್ ಕೈ," ಎಂದು ಶುರು ಮಾಡಿ ಬಣ್ಣ, ಬಿಸಿ, ಅರಿವು, ಅಲುಗಾಟ ಎಲ್ಲ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಹಲಗೂರಿನವನು ನನ್ನ ಬೆರಳುಗಳನ್ನು ಬಿಡಿಸಲು ನೋಡಿದ, ಆಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಕಟ್ಟಳೆ ಮುರಿಯಿತೆಂದು ನನಗೆ ಅವನ ಮುಖ ನೋಡಿದಾಗಲೇ ಗೊತ್ತಾಯಿತು.

"ಬರೀ ಬಾಯ್ಮಾತ್ನಾಗೆ ಹೇಳ್ದೆ ಅವತ್ತು," ಎಂದು ಅವನು ವಸ್ತಾದರ ಮೇಲೆ ಹರಿಹಾಯ್ದ. "ಈ ಕೈನ ಅವತ್ತೇ ಯಾಕ್ಲಾ ತರ್ನಿಲ್ಲ? ನೋಡಿದ್ರೆ ನಾನು ಆ ಎಣ್ಮಗಿನ ಕೈ ಕೆಡುಸ್ತಿದ್ನಾ?"

ವಸ್ತಾದರು ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ಕರೀನಿಲ್ಲ ಕಣಪ್ಪ," ಎಂದರು. "ನಾನು ಕೆಡ್ಸಿದ್ದ ನಾಲ್ಕು ಜನದ ಮುಂದೆ ಇಕ್ಕಕ್ಕೆ ನಾಚ್ಕೆ ಆಯ್ತು."

ಕಂಬದ ಹತ್ತಿರ ನಿಂತಿದ್ದವನು ಕ್ಯಾಕರಿಸಿ ಉಗಿದು ಹೊರಟುಹೋದ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬಾಯಿ ತೆರೆದೆ, ಏನಾದರೂ ಹೇಳಬೇಕಾಗಿತ್ತು. "ಬುಡಿ ರೈಟ್ರೇ," ಎಂದರು ಅವರು. "ನಾನು ನಿಮ್ಮ ಮೇಲೆ ಹೊರ್ಸಿದ್ದು ಆ ಕೈ ಒಂದೇ ಸಾಕು."

ಸ್ವಾತಂತ್ರ್ಯದ ಬಾವುಟ ಹಾರಿಸಿದ ವರ್ಷದ ಮಳೆಗಾಲದ ಕೊನೆಗೆ ವಸ್ತಾದರು ತೀರಿಕೊಂಡರು. ಒಂದು ಕಾಲಕ್ಕೆ ಮೂವತ್ತು ಹಳ್ಳಿಯ ಜನ ಸೇರುತ್ತಿದ್ದ ಮನೆಯಿಂದ ಅವರನ್ನು ಹೊತ್ತೊಯ್ಯುವಾಗ ಹೆಗಲು ಬದಲಾಯಿಸಲು ಜನ ಸಾಲದೆ, ಡಾಕ್ಟರೂ ಒಂದಿಷ್ಟು ದೂರ ಹೆಗಲು ಕೊಟ್ಟರು. ಅದಾದ ತಿಂಗಳಿಗೆ ಹುಡುಗಿಯ ಅಪ್ಪ ಯಾವುದೋ ಪತ್ರಕ್ಕೆಂದು ನನ್ನ ಚಾಪೆಗೆ ಬಂದ. "ತನ್ನ ಮಾನ ಉಳಿಸ್ಕೊಳಕ್ಕೆ ನನ್ನ ಮಗಳ ಕೈ ತಿಂದ ಮುದ್ಕ, ಓದ," ಎಂದ. ನಾನು ತಲೆ ಬಗ್ಗಿಸಿಕೊಂಡು ಬರೆಯುತ್ತಿದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಕಡೆ ಇವತ್ತಿಗೂ ವಸ್ತಾದರ ಹೆಸರೆತ್ತಿದರೆ ಜನ ಅದೇ ಮಾತು ಆಡುತ್ತಾರೆ.

ಆ ಅಪ್ಪ ಈಗಿಲ್ಲ. ಮಗಳು ಎಲ್ಲಿದ್ದಾಳೋ ತಿಳಿಯದು. ಸಾವಿರಾರು ಪತ್ರ ಬರೆದ ಈ ಎಡಗೈಯಲ್ಲಿ ಇಷ್ಟನ್ನು ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ. ವಸ್ತಾದರು ನನ್ನನ್ನು ಕರೆದಿದ್ದರು. ಮೂರು ಸಲ ಕರೆದಿದ್ದರು. ಹೋಗದಿದ್ದವನು ನಾನು.