ಮಗ್ಗ ನಿಂತ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಮೆಲ್ಲಗೆ ಮಾತಾಡುವವರೇ ಇರಲಿಲ್ಲ. ಮನೆಯ ಮುಂದಿನ ಅಂಕಣದಲ್ಲಿ ಕರೆಂಟಿನ ಮಗ್ಗ, ಹಿಂದೆ ಒಲೆ, ನಡುವೆ ನಾವು. ಮಗ್ಗದ ಎಣ್ಣೆಯ ವಾಸನೆ ರೊಟ್ಟಿಗೂ ಹತ್ತಿರುತ್ತಿತ್ತು. ಬೆಳಗಿನಿಂದ ಖಟಖಟ ಸಪ್ಪಳ. ಅದರೊಳಗೆ ಮಾತು ಕೇಳುವುದೆಂದರೆ ಎದುರಿನವರ ತುಟಿ ನೋಡುವುದು. ಅದರಲ್ಲಿ ನಮ್ಮ ಅವ್ವನದು ಎತ್ತಿದ ಕೈ. ದೂರದ ಬಾಗಿಲಲ್ಲಿ ನಿಂತು ನಾನು ಬಾಯಿ ಆಡಿಸಿದರೂ ಸಾಕು, ಶೇಂಗಾ ಬೇಕೋ ಬೆಲ್ಲ ಬೇಕೋ ಅವಳಿಗೆ ತಿಳಿದುಬಿಡುತ್ತಿತ್ತು.

ಒಂದು ವರ್ಷ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಮಗ್ಗಗಳು ಒಮ್ಮೆಲೇ ನಿಂತರೆ ನಮಗೆ ಹಬ್ಬ. ಕಟ್ಟೆಯ ಮೇಲೆ ಗಜುಗ ಆಡಲು ಕೂರುತ್ತಿದ್ದೆವು. ಆದರೆ ಮನೆಯೊಳಗೆ ಜಗಳ ಶುರುವಾಗುತ್ತಿದ್ದುದೂ ಆ ಹೊತ್ತಿನಲ್ಲೇ. ಅಪ್ಪನ ತಾಯಿ, ನಮ್ಮ ಆಯಿ, ನೀರು ಕೇಳುತ್ತಿದ್ದಳು. ಒಲೆಯ ಕಡೆ ಮುಖ ಮಾಡಿ ಕೂತ ಅವ್ವ ತಿರುಗುತ್ತಿರಲಿಲ್ಲ.

“ಸೊಕ್ಕು ನೋಡಿದ್ಯಾ ನಿನ್ನ ಹೆಂಡ್ತೀದು? ಕರದ್ರ ಓ ಅನ್ನಂಗಿಲ್ಲ!” ಎಂದು ಆಯಿ ಮಗನಿಗೆ ದೂರುತ್ತಿದ್ದಳು.

“ಮಗ್ಗ ನಡದಾಗ ಎಲ್ಲಾ ತಿಳೀತೈತಿ, ಈಗೇನಾಗೇತಿ ಇಕೀಗೆ?” ಎಂದು ಅಪ್ಪನೂ ಸಿಡಿಮಿಡಿಗೊಳ್ಳುತ್ತಿದ್ದ.

ಒಂದು ದಿನ ಆಟ ಬಿಟ್ಟು ಅವ್ವನ ಬೆನ್ನ ಹಿಂದೆ ಹೋಗಿ ನಿಂತೆ. “ಅವ್ವಾ” ಎಂದೆ. ರೊಟ್ಟಿ ಬಡಿಯುತ್ತಲೇ ಇದ್ದಳು. ಜೋರಾಗಿ ಕರೆದೆ. ಹೊರಗೆ ಮಲಗಿದ್ದ ನಾಯಿ ತಲೆಯೆತ್ತಿತು, ಅವ್ವ ಎತ್ತಲಿಲ್ಲ. ಹಿಟ್ಟಿಗೆಂದು ತಿರುಗಿದವಳು ನನ್ನನ್ನು ಕಂಡು ಬೆಚ್ಚಿಬಿದ್ದಳು.

“ಯಾವಾಗ ಬಂದಿ ಬೇ? ಒಂದ್ ಮಾತು ಅನಬಾರದೇನು?”

ನಾನು ಅಳುತ್ತ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಅವ್ವನನ್ನು ಜಮಖಂಡಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ನಾನೂ ಹೋಗಿದ್ದೆ.

“ಮಗ್ಗದ ಸಪ್ಪಳದಿಂದ ದೂರ ಇಡ್ರಿ. ಇಲ್ಲಾಂದ್ರ ಉಳಿದದ್ದೂ ಹೋಗತೈತಿ” ಎಂದರು ಡಾಕ್ಟರು.

“ಮಗ್ಗ ಮನ್ಯಾಗ ಅದಾವ್ರಿ ಸಾಹೇಬ್ರ, ಎಲ್ಲಿ ಇಡ್ಲಿ?” ಎಂದ ಅಪ್ಪ.

ಸಂಜೆ ಬಸ್ಸಿಳಿದು ಓಣಿಗೆ ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಅವ್ವ ಸೆರಗು ಸಿಕ್ಕಿಸಿ ಮಗ್ಗದ ಮುಂದೆ ನಿಂತಳು. ಆಯಿ ಅಂದಿನಿಂದ ಬೈಯುವುದನ್ನು ಬಿಟ್ಟಳು. ನನಗೆ ಮಾತ್ರ ಮಧ್ಯಾಹ್ನವೆಂದರೆ ಹೆದರಿಕೆ ಹತ್ತಿತು. ಮಗ್ಗ ನಿಂತಾಗಲೆಲ್ಲ ಅವಳ ಬೆನ್ನ ಹಿಂದೆ ನಿಂತು ಇನ್ನಷ್ಟು ಜೋರಾಗಿ ಕೂಗಿ ನೋಡುತ್ತಿದ್ದೆ. ಮಳೆಗಾಲ ಬರುವ ಹೊತ್ತಿಗೆ ಕೂಗುವುದನ್ನೇ ಬಿಟ್ಟೆ.

ಈಗ ಆ ಮಗ್ಗಗಳಿಲ್ಲ. ಅವ್ವನ ಜೊತೆ ಮಾತಿಗೇನೂ ಕೊರತೆಯಿಲ್ಲ. ಎದುರು ಕೂತರೆ ಸಾಕು, ನನ್ನ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ. ಆದರೆ ಮುಖ ತೋರಿಸಿ ಆಡಲಾಗದ ಮಾತುಗಳೂ ಇರುತ್ತವೆ. ಕಳೆದ ತಿಂಗಳು, ನನ್ನ ಎದೆಯಲ್ಲಿರುವ ಗಂಟು ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ ದಿನ, ನೇರವಾಗಿ ಬನಹಟ್ಟಿಗೆ ಹೋದೆ. ಅವ್ವನ ತೊಡೆಯ ಮೇಲೆ ತಲೆಯಿಟ್ಟು, ಅವಳ ಸೀರೆಯಲ್ಲಿ ಮುಖ ಹುದುಗಿಸಿ ಎಲ್ಲವನ್ನೂ ಹೇಳಿದೆ. ಅವಳ ಕೈ ನನ್ನ ಕೂದಲಲ್ಲಿ ಆಡುತ್ತಿತ್ತು.

“ನಿದ್ದಿ ಬಂತೇನ್ ಬೇ?” ಎಂದಳು.