ಎಡಗಿವಿಯಲ್ಲಿ ಬರೆದ ವಿಮರ್ಶೆ

ಮೊನ್ನೆ ಸಂಜೆ ಠಾಣೆಯಿಂದ ನೆರೂಳಕ್ಕೆ ಹೋಗುವ ಲೋಕಲ್ ಗಾಡಿಯಲ್ಲಿ ನನ್ನೆದುರು ಒಂದು ಕಾಲೇಜು ಜೋಡಿ ಕೂತಿತ್ತು. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನು. ಒಂದು ತುದಿ ಅವನ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ಇಬ್ಬರೂ ತಲೆ ಅಲ್ಲಾಡಿಸುತ್ತಿದ್ದರು, ಆದರೆ ಬೇರೆ ಬೇರೆ ಹೊತ್ತಿಗೆ. ‘ಮಕ್ಕಳೇ, ನೀವು ಕೇಳುತ್ತಿರುವುದು ತಲಾ ಅರ್ಧ ಹಾಡು, ಮದುವೆಗೆ ಮುಂಚೆ ಒಮ್ಮೆ ಅದಲು ಬದಲು ಮಾಡಿಕೊಂಡು ನೋಡಿ’ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಈ ವಿಷಯದಲ್ಲಿ ಉಪದೇಶ ಮಾಡುವ ಯೋಗ್ಯತೆ ಯಾರಿಗಾದರೂ ಇಲ್ಲದಿದ್ದರೆ ಅದು ನನಗೆ. ನಾನು ಅರ್ಧ ಕೇಳಿದ್ದು ಅಚ್ಚಾಗಿದೆ, ಇಬ್ಬರು ಮೂವರು ಓದಿಯೂ ಇದ್ದಾರೆ.

ಅದು ನಾಲ್ಕೈದು ವರ್ಷದ ಹಿಂದಿನ ಮಾತು. ನಮ್ಮ ಕಡೆಯ ಕನ್ನಡ ಸಂಘಕ್ಕೊಂದು ಮಾಸಪತ್ರಿಕೆ ಇದೆ. ಅದರ ಸಂಪಾದಕರು ಉಪಾಧ್ಯರು. ಉಡುಪಿ ಕಡೆಯವರು, ನೆರೂಳ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಪತ್ರಿಕೆಯ ಕಚೇರಿ ಎಂದರೆ ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ಒಂದು ಮೊಳ ಜಾಗ. ಪ್ರೂಫಿನ ಮೇಲೆ ಸಾಂಬಾರಿನ ಕಲೆ ಕಂಡರೆ ಸಂಪಾದಕರು ನೋಡಿದ್ದಾರೆಂದು ಅರ್ಥ. ಕಲೆ ಇಲ್ಲದಿದ್ದರೆ ಇನ್ನೂ ನೋಡಿಲ್ಲ.

ನಾನು ಆ ಪತ್ರಿಕೆಯ ಸಂಗೀತ ವಿಮರ್ಶಕ. ನಗಬೇಡಿ. ಮೈಸೂರಿನವನು, ಡೊಂಬಿವಲಿಯಲ್ಲಿ ಮನೆ, ತುರ್ಭೆಯಲ್ಲಿ ನೌಕರಿ. ಸಂಗೀತದ ಅರ್ಹತೆ ಏನೆಂದರೆ, ಒಂದು ಸಲ ಸಂಘದ ವಾರ್ಷಿಕೋತ್ಸವದಲ್ಲಿ ತಂಬೂರಿ ನುಡಿಸುವವರ ಗಾಡಿ ದಿವಾ ಸ್ಟೇಷನ್ನಿನಲ್ಲಿ ನಿಂತುಬಿಟ್ಟಿತು. ವೇದಿಕೆಯ ಹತ್ತಿರ ಸುಮ್ಮನೆ ನಿಂತಿದ್ದ ನನ್ನನ್ನು ಹಿಡಿದು ಕೂರಿಸಿದರು. ಎರಡು ಗಂಟೆ ತಂತಿ ಮೀಟಿದೆ. ಮುಂದಿನ ಸಂಚಿಕೆಯಲ್ಲಿ ಕಣ್ಣು ಮುಚ್ಚಿಕೊಂಡ ನನ್ನ ಫೋಟೋ ಬಂತು. ಕಣ್ಣು ಮುಚ್ಚಿದ್ದು ನಿದ್ದೆಗೆ, ಆದರೆ ಫೋಟೋದಲ್ಲಿ ಅದು ರಸಾನುಭವದ ಹಾಗೆ ಕಾಣುತ್ತಿತ್ತು. ಅಂದಿನಿಂದ ಸಂಗೀತದ್ದೆಲ್ಲ ನನ್ನ ಕಡೆಗೇ ಬರತೊಡಗಿತು.

ನಮ್ಮಲ್ಲಿ ವಿಮರ್ಶೆಗೊಂದು ಪದ್ಧತಿ ಇತ್ತು. ಮೊದಲು ಕಲಾವಿದರ ತಂದೆತಾಯಿಗಳ ಊರು. ಆಮೇಲೆ ಎರಡು ಪ್ಯಾರಾ ಹೊಗಳಿಕೆ. ಕೊನೆಗೆ ‘ಧ್ವನಿಮುದ್ರಣ ಇನ್ನಷ್ಟು ಸ್ಪಷ್ಟವಾಗಬಹುದಿತ್ತು’ ಎಂಬ ಒಂದು ಹುಳಿ ಮಾತು, ವಿಮರ್ಶಕ ಎಚ್ಚರವಾಗಿದ್ದ ಎಂದು ತೋರಿಸಲು. ಹೀಗೆ ಹತ್ತು ವರ್ಷ ಬರೆದೆ. ಯಾರೂ ಬೈಯಲಿಲ್ಲ, ಯಾರೂ ಓದಿದ ಲಕ್ಷಣವೂ ಇರಲಿಲ್ಲ. ಬೈಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಒಂದು ವಯಸ್ಸಿನಲ್ಲಿ ಬರುತ್ತದೆ ನೋಡಿ, ನನಗೆ ಐವತ್ತೆರಡಕ್ಕೆ ಬಂತು.

ಸರಿಯಾಗಿ ಆಗಲೇ ಅಶ್ವಿನಿ ಬಂದಳು. ಉಪಾಧ್ಯರ ಒಬ್ಬಳೇ ಮಗಳು. ನೆರೂಳದಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಅಪ್ಪ ತುಳುವಿನಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ನಾವು ಕನ್ನಡದಲ್ಲಿ ಮಾತಾಡಿಸಿದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ ಕನ್ನಡದ ಕಿಚಡಿ. ಒಂದು ಒಳ್ಳೆಯ ಇನ್ಶೂರೆನ್ಸ್ ಕಂಪನಿಯ ಕೆಲಸ ಬಿಟ್ಟು ಬೇಲಾಪುರದ ಯಾವುದೋ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದಳು. ಅಪ್ಪನಿಗೆ ಅದು ಹಿಡಿಸಿರಲಿಲ್ಲ. ಜಗಳವೇನೂ ಇಲ್ಲ, ಮಾತೇ ಇಲ್ಲ. ಗ್ಯಾಸು ಬಂತೇ, ಕರೆಂಟು ಬಿಲ್ಲು ಬಂತೇ ಎನ್ನುವಷ್ಟಕ್ಕೆ ಸಂಸಾರ ನಿಂತಿತ್ತು.

ಅಶ್ವಿನಿ ಮತ್ತು ಅವಳ ಗೆಳೆಯರು ಸೇರಿ ಒಂದು ಆಲ್ಬಮ್ ಮಾಡಿದ್ದರು. ಕಲ್ಯಾಣದ ಕಿವುಡು ಮಕ್ಕಳ ಶಾಲೆಯೊಂದಕ್ಕೆ ಶ್ರವಣಯಂತ್ರ ಕೊಡಿಸುವ ಸಲುವಾಗಿ. ಠಾಣೆ, ಅಂಬರನಾಥ, ಸೀವುಡ್ಸ್ ಎಲ್ಲ ಕಡೆಯ ಹನ್ನೊಂದು ತಂಡಗಳು ಒಂದೊಂದು ಹಾಡು ಪುಕ್ಕಟೆ ಕೊಟ್ಟಿದ್ದವು. ಇಂಡಿ ಸಂಗೀತವಂತೆ. ಸಂಘದ ಖಜಾಂಚಿ ಪಾಟೀಲರು ವಿಜಾಪುರದ ಕಡೆಯವರು, ‘ನಮ್ಮ ಇಂಡಿ ತಾಲೂಕಿನ ಹುಡುಗರೇನ್ರೀ? ಲಿಂಬಿಹಣ್ಣು ಬಿಟ್ಟು ಹಾಡಾಕ ಯಾವಾಗ ಕುಂತ್ರು?’ ಎಂದು ಕೇಳಿದರು. ಯಾವ ಕಂಪನಿಯ ಹಂಗೂ ಇಲ್ಲದೆ, ಯಾರೂ ಕೇಳದಿದ್ದರೂ ಹಾಡುವವರಿಗೆ ಹಾಗನ್ನುತ್ತಾರೆ ಎಂದು ನಾನು ತಿಳಿಹೇಳಿದೆ.

“ಅಂಕಲ್, ಜೋ ಲಿಖ್‌ನಾ ಹೈ ಲಿಖೋ, ಬಟ್ ಪೂರಾ ಸುನ್‌ನಾ,” ಎಂದಳು ಅಶ್ವಿನಿ. ಏನು ಬೇಕಾದರೂ ಬರೆಯಿರಿ, ಆದರೆ ಪೂರ್ತಿ ಕೇಳಿ ಎಂದು. ಆಮೇಲೆ ಗಲ್ಲಾದ ಕಡೆ ನೋಡಿ ದನಿ ತಗ್ಗಿಸಿದಳು. “ಪಪ್ಪಾ ಕೇಳಲ್ಲ. ಟೈಮ್ ನಹೀಂ ಹೈ ಬೋಲ್ತೇ. ಪೇಪರಲ್ಲಿ ಬಂದ್ರೆ ಓದ್ತೇನೆ, ಚಲೋ ಇದೆ ಅಂತ ಬಂದ್ರೆ ಆಮೇಲೆ ಕೇಳ್ತೇನೆ ಅಂತಾರೆ. ಏಕ್ ಬಾರ್ ಸುನ್ ಲೇಂ, ಬಸ್.”

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಪ್ಪ ಒಂದು ಸಲ ಕೇಳಬೇಕು. ಅವಳದೇ ಒಂದು ಹಾಡು ಅದರಲ್ಲಿದೆ ಎಂದು ನನಗೆ ಅವಳು ಹೇಳಲಿಲ್ಲ. ತಂಡಗಳ ಹೆಸರೆಲ್ಲ ಗುಳಿಗೆಗಳ ಹೆಸರಿನ ಹಾಗಿದ್ದವು, ನನಗೂ ತಿಳಿಯಲಿಲ್ಲ.

ಡೊಂಬಿವಲಿಯಿಂದ ತುರ್ಭೆಗೆ ಹೋಗುತ್ತ ಬರುತ್ತ ಕೇಳಿದೆ. ನಿಂತುಕೊಂಡು, ಒಬ್ಬರ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ಬ್ಯಾಗು ಇನ್ನೊಬ್ಬರ ಹೊಟ್ಟೆಯ ಮೇಲೆ. ಅಂಬರನಾಥದ ಮೂವರು ಕಾರ್ಖಾನೆಯ ತಗಡು ಬಡಿದು ಅದಕ್ಕೊಂದು ದುಃಖದ ಹೆಸರು ಕೊಟ್ಟಿದ್ದರು. ಕಲ್ಯಾಣದ ಒಬ್ಬಳು ಆಗ ತಾನೆ ನಿದ್ದೆಯಿಂದ ಎಬ್ಬಿಸಿದವರ ಮೇಲೆ ಮುನಿಸಿಕೊಂಡ ಹಾಗೆ ಹಾಡಿದ್ದಳು. ಐರೋಲಿಯ ಒಬ್ಬ ನಾಲ್ಕು ನಿಮಿಷ ಗಿಟಾರಿನ ಶ್ರುತಿ ಮಾಡಿದ, ಇನ್ನೇನು ಶುರುಮಾಡುತ್ತಾನೆ ಎನ್ನುವಾಗ ಹಾಡು ಮುಗಿಯಿತು. ನಿಜ ಹೇಳಬೇಕೆಂದರೆ ನನಗೆ ಆನಂದವಾಯಿತು. ಹತ್ತು ವರ್ಷ ಹೊಗಳಿ ಹೊಗಳಿ ಜಡ್ಡುಗಟ್ಟಿದ್ದ ಕೈ, ಬರೆಯಲು ಕೂತರೆ ನಿಲ್ಲಲೇ ಇಲ್ಲ.

ಏಳನೆಯ ಹಾಡಿಗೆ ಬಂದಾಗ ನಾನು ರಂಗೇರಿದ್ದೆ. ಅದರಲ್ಲಿ ಒಬ್ಬ ಹುಡುಗಿ ಮೆಲ್ಲಗೆ ‘ಜೇವ್ಲಾಸ್ ಕಾ?’ ಎನ್ನುತ್ತಾಳೆ. ಮರಾಠಿಯಲ್ಲಿ, ಊಟ ಆಯ್ತಾ ಎಂದು. ಆಮೇಲೆ ಗಟ್ಟಿ ಮೌನ. ಮತ್ತೆ ‘ಜೇವ್ಲಾಸ್ ಕಾ?’ ಮತ್ತೆ ಮೌನ. ಹೀಗೇ ಕೊನೆಯವರೆಗೂ. ನಾನು ಬರೆದೆ: ‘ಈ ಗಾಯಕಿ ಎಂಟು ಸಲ ಊಟ ಆಯ್ತಾ ಎಂದು ಕೇಳುತ್ತಾರೆ, ಒಂದು ಸಲವೂ ಬಡಿಸುವುದಿಲ್ಲ. ಅರ್ಧ ಹಾಡನ್ನು ಲೋಕಲ್ ಗಾಡಿಯಲ್ಲೇ ಮರೆತು ಇಳಿದಂತಿದೆ.’ ಕೊನೆಯಲ್ಲಿ, ಇದನ್ನೆಲ್ಲ ಕೇಳಿದ ಮೇಲೆ ಯಂತ್ರ ಇನ್ನೂ ಸಿಗದ ಮಕ್ಕಳೇ ಪುಣ್ಯವಂತರೆಂದು ತೋರಿತು ಎಂಬ ಮಾತನ್ನೂ ಸೇರಿಸಿದೆ. ಅದನ್ನು ಉಪಾಧ್ಯರು ಹೊಡೆದು ಹಾಕಿದರು. ಆಗ ನನಗೆ ಹೊಟ್ಟೆ ಉರಿಯಿತು, ಈಗ ನಾಚಿಕೆಯಾಗುತ್ತದೆ.

ಉಳಿದದ್ದೆಲ್ಲ ಅಚ್ಚಾಯಿತು. “ಭಾರಿ ಲಾಯ್ಕ ಬರ್ದಿದ್ದೀರಿ ಮಾರಾಯ್ರೆ,” ಎಂದರು ಉಪಾಧ್ಯರು, “ನಗಾಡಿ ನಗಾಡಿ ಸಾಕಾಯ್ತು.” ಆ ದಿನ ಕಾಫಿ ಅವರದೇ. ಮಗಳಿಗೂ ಹೇಳಿದರಂತೆ, “ಓದಿ ಆಯ್ತು. ಇನ್ನು ಕೇಳುವ ಅಗತ್ಯ ಇಲ್ಲ.”

ಎರಡು ದಿನ ಬಿಟ್ಟು ಅಶ್ವಿನಿಯ ಫೋನು. ಸಂಜೆ ಠಾಣೆಯಲ್ಲಿ ಗಾಡಿ ಬದಲಿಸುವಾಗ ಸಿಗಿ ಎಂದಳು. ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ, ಬೇಕೆಂದು ಬೇಡಿಕೊಂಡದ್ದು ತಾನೆ. ಅವಳು ಬೈಯಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ, “ಅಂಕಲ್, ನೀವು ಯಾವುದರಲ್ಲಿ ಕೇಳಿದ್ರಿ?” ಎಂದಳು.

ಜೇಬಿನಿಂದ ಇಯರ್‌ಫೋನು ತೆಗೆದು ಕೊಟ್ಟೆ. ಕಿವಿಗೆ ಹಾಕಿಕೊಂಡು ನೋಡಿ, ಹಾಗೇ ನನ್ನ ಮುಖ ನೋಡಿದಳು. “ರೈಟ್ ಸೈಡ್ ಬಂದ್ ಹೈ.”

ಗೊತ್ತಿತ್ತು. ಬಲಗಡೆಯದು ಸತ್ತು ಎರಡು ವರ್ಷವಾಗಿತ್ತು. ಫೋನಿನಲ್ಲಿ ಮಾತಾಡಲು ಒಂದು ಕಿವಿ ಸಾಕು, ಇನ್ನೊಂದು ಕಿವಿ ‘ಪುಢೀಲ್ ಸ್ಟೇಷನ್’ ಎಂದು ಮುಂದಿನ ಸ್ಟೇಷನ್ನಿನ ಹೆಸರು ಸಾರುವುದನ್ನು ಕೇಳಿಸಿಕೊಳ್ಳಲು ಬೇಕು. ಹಾಗೆ ಅಭ್ಯಾಸವಾಗಿ, ಅದು ಕೆಟ್ಟಿದೆ ಎಂಬುದೇ ಮರೆತುಹೋಗಿತ್ತು. ಹಾಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ತುಂಬಿರುತ್ತಾರೆ ಎಂದು ನಮ್ಮ ಪತ್ರಿಕೆಯ ಸಂಗೀತ ವಿಮರ್ಶಕನಿಗೆ ಯಾರು ಹೇಳಬೇಕು?

ಅವಳು ತನ್ನ ದೊಡ್ಡ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ ಏಳನೆಯ ಹಾಡು ಹಾಕಿದಳು. ಎಡಗಡೆ ಹುಡುಗಿ ‘ಜೇವ್ಲಾಸ್ ಕಾ?’ ಎಂದಳು. ಬಲಗಡೆಯಿಂದ ಒಂದು ಗಂಡಸಿನ ದನಿ ಬಂತು: ‘ಮೂರು ಮಸಾಲೆ, ಒಂದು ಸಾದಾ.’ ಮತ್ತೆ ‘ಜೇವ್ಲಾಸ್ ಕಾ?’ ‘ನಾಲ್ಕನೇ ಟೇಬಲ್, ಎರಡು ಊಟ, ಒಂದಕ್ಕೆ ಉಪ್ಪಿನಕಾಯಿ ಬೇಡ.’ ಉಪಾಧ್ಯರು. ಊಟದ ಹೊತ್ತಿನಲ್ಲಿ ಅಡುಗೆಮನೆಯ ಕಿಂಡಿಗೆ ಮುಖ ಹಾಕಿ ಕೂಗುವ ಉಪಾಧ್ಯರು. ಮಗಳು ಊಟ ಆಯ್ತಾ ಎಂದು ಕೇಳುತ್ತಾಳೆ, ಅಪ್ಪ ಊರವರ ಊಟದ ಆರ್ಡರು ಹೇಳುತ್ತಾರೆ. ಎಂಟು ಸಲ.

ಮುಚ್ಚಿಟ್ಟು ಏನು ಪ್ರಯೋಜನ, ಕಣ್ಣಲ್ಲಿ ನೀರೇ ಬಂತು.

“ಮಮ್ಮಿ ಇದ್ದಾಗ ರೋಜ್ ಮೂರು ಗಂಟೆಗೆ ಫೋನ್ ಮಾಡ್ತಿದ್ಳು, ಊಟ ಆಯ್ತಾ ಅಂತ,” ಎಂದಳು ಅಶ್ವಿನಿ. “ಅವಳು ಹೋದ್ಮೇಲೆ ನಾನು ಕೇಳ್ಬೇಕಿತ್ತು. ನಾನು ಕೇಳಿಲ್ಲ. ತೀನ್ ಸಾಲ್. ಅದಕ್ಕೇ ಹಾಡು ಮಾಡಿದ್ದು.”

ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿಸುತ್ತೇನೆ ಎಂದೆ. ಅವಳು ಹೆಡ್‌ಫೋನು ವಾಪಸು ತೆಗೆದುಕೊಂಡು, “ಅದನ್ನೂ ಓದ್ತಾರೆ, ಅಂಕಲ್,” ಎಂದಳು. ಗಾಡಿ ಬಂದಾಗ ಎದ್ದು, “ಕಲ್ಯಾಣ ಸ್ಕೂಲಲ್ಲಿ ನಿಮ್ಮ ಹೆಸರು ಭೀ ಬರೆಸ್ಲಾ? ಕಿವಿಯ ಮಶೀನ್ ಬರ್ತಾ ಇದೆ,” ಎಂದೂ ಸೇರಿಸಿದಳು. ಒಟ್ಟಿನಲ್ಲಿ ನನಗೆ ಬರಬೇಕಾದ ಬೈಗುಳ ಬಂತು.

ಮರುದಿನ ರಜೆ ಹಾಕಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲಿಗೆ ಹೋದೆ. ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದೆ, ಅಶ್ವಿನಿ ಆಗಲೇ ಬಂದು ಬಾಗಿಲ ಹತ್ತಿರ ಕೂತಿದ್ದಳು. ಕೆಲವೇ ಗಿರಾಕಿಗಳಿದ್ದರು. ಉಪಾಧ್ಯರು ಗಲ್ಲಾದ ಹಿಂದೆ ನಿಂತು ಪ್ರೂಫು ನೋಡುತ್ತಿದ್ದರು. ಏಳನೆಯ ಹಾಡಿನ ಬಗ್ಗೆ ನಾನು ಅರ್ಧ ಕಿವಿಯಲ್ಲಿ ಕೇಳಿ ಬರೆದದ್ದು, ತಿದ್ದುಪಡಿ ಹಾಕಬೇಕು ಎಂದು ಹೇಳಿದೆ.

ಮನುಷ್ಯ ಕೆಂಡವಾದರು. “ಪುಸ್ತಕ ಅರ್ಧ ಓದಿ ಬರಿಯುವವರು ಬೇಕಾದಷ್ಟು ಉಂಟು ನಮ್ಮಲ್ಲಿ. ಅರ್ಧ ಕಿವಿ ಇಟ್ಕೊಂಡು ಬರ್ದವರು ನೀವೊಬ್ರೇ. ಪತ್ರಿಕೆಯ ಮರ್ಯಾದೆ ಎಂತ ಆಗ್ಬೇಕು?”

“ತಿದ್ದುಪಡಿ ಬರೆದುಕೊಂಡು ಬಂದಿದ್ದೇನೆ.”

“ನೀವು ಬರ್ದದ್ದನ್ನು ಇನ್ನು ನಾನು ನಂಬಬೇಕಾ? ತಿದ್ದುಪಡಿ ಅಂದ್ರೆ ನಾನೇ ನೋಡಿ ಹಾಕುವುದು. ಕೊಡಿ ಇಲ್ಲಿ ಆ ಹಾಡು.”

ಅಶ್ವಿನಿ ಎದ್ದು ಬಂದು ಹೆಡ್‌ಫೋನನ್ನು ಗಲ್ಲಾದ ಮೇಲಿಟ್ಟಳು. ಅವರು ಅವಳ ಮುಖ ನೋಡದೆ ತೆಗೆದುಕೊಂಡು, ಕನ್ನಡಕದ ಕಡ್ಡಿಯ ಮೇಲೆಯೇ ಸಿಕ್ಕಿಸಿಕೊಂಡರು. ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

“ಇದು ಯಾರು ಕೂಗುವುದು? ಸ್ವರ ಒಳ್ಳೇದಿಲ್ಲ,” ಎಂದರು. ಹೆಡ್‌ಫೋನು ಹಾಕಿಕೊಂಡವರ ಹಾಗೆ ಗಟ್ಟಿಯಾಗಿ. ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಆಮೇಲೆ, “ನಾಲ್ಕನೇ ಟೇಬಲ್...” ಎಂದು ತಾವೇ ಮೆಲ್ಲಗೆ ಹೇಳಿಕೊಂಡು ನಿಂತರು. ಪೆನ್ನನ್ನು ಪ್ರೂಫಿನ ಮೇಲಿಟ್ಟರು. ಇನ್ನೊಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡರು.

ಹಾಡು ಎಲ್ಲಿಗೆ ಬಂದಿದೆಯೆಂದು ನಮಗೆ ಕೇಳಿಸುತ್ತಿರಲಿಲ್ಲ. ಅಶ್ವಿನಿಗೆ ಮಾತ್ರ ಬಾಯಿಪಾಠ, ಅವಳ ತುಟಿ ಅಲ್ಲಾಡುತ್ತಿತ್ತು. ಎಂಟನೆಯ ಸಲ ತುಟಿ ಅಲ್ಲಾಡಿ ನಿಂತಾಗ ಉಪಾಧ್ಯರು ಇಡೀ ಹೋಟೆಲಿಗೆ ಕೇಳುವ ಹಾಗೆ, ಅಡುಗೆಮನೆಗೆ ಕೂಗುವ ಅದೇ ಗಂಟಲಿನಲ್ಲಿ ಹೇಳಿದರು:

“ಇಜ್ಜಿ ಮಗಾ.”

ತುಳುವಿನಲ್ಲಿ, ಇಲ್ಲ ಮಗಳೇ ಎಂದು. ಇಡ್ಲಿ ತಿನ್ನುತ್ತಿದ್ದವರು ತಲೆ ಎತ್ತಿದರು. ಅಶ್ವಿನಿ ಕಣ್ಣು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ನೆಟ್ಟಗೆ ಅಡುಗೆಮನೆಯ ಕಿಂಡಿಗೆ ಹೋಗಿ, ಥೇಟು ಅಪ್ಪನ ರಾಗದಲ್ಲಿ, “ಏಕ್ ಊಟ, ನಾಲ್ಕನೇ ಟೇಬಲ್,” ಎಂದು ಕೂಗಿದಳು. ಮೂವತ್ತು ವರ್ಷ ಆ ಹೋಟೆಲಿನಲ್ಲಿ ನಿಂತೇ ಇದ್ದ ಉಪಾಧ್ಯರು ಗಿರಾಕಿಗಳ ಕುರ್ಚಿಯಲ್ಲಿ ಎಲ್ಲಿ ಕೈಯಿಡಬೇಕೆಂದು ತಿಳಿಯದೆ ಕೂತರು.

ಮೊನ್ನೆ ಆ ಜೋಡಿ ಜುಯಿನಗರದಲ್ಲಿ ಇಳಿದುಹೋಯಿತು. ನಾನು ನೆರೂಳದಲ್ಲಿ ಇಳಿದು, ಇದ್ದ ಕೆಲಸ ಮುಗಿಸಿ, ಕಾಫಿ ಕುಡಿಯದೆ ವಾಪಸು ಡೊಂಬಿವಲಿಗೆ ಬಂದೆ. ಈಗ ನಾನು ಆ ಹೋಟೆಲಿಗೆ ಶನಿವಾರ ಮಧ್ಯಾಹ್ನ ಮೂರಕ್ಕೇ ಹೋಗುವುದು. ಆಗ ಗಲ್ಲಾದಲ್ಲಿ ಯಾರೂ ಇರುವುದಿಲ್ಲ, ಕೂಗಿದರೂ ಯಾರೂ ತಿರುಗುವುದಿಲ್ಲ, ಅಪ್ಪ ಮಗಳು ಎದುರುಬದುರು ಕೂತು ಊಟ ಮಾಡುತ್ತಿರುತ್ತಾರೆ. ನನ್ನ ಕಾಫಿ ಅರ್ಧ ಗಂಟೆ ತಡ. ನಾನು ಎರಡು ಕಿವಿಯನ್ನೂ ತೆರೆದುಕೊಂಡು ಕಾಯುತ್ತೇನೆ. ಅವಳು ಮರಾಠಿಯಲ್ಲಿ ಏನೋ ಕೇಳುತ್ತಾಳೆ, ಅವರು ತುಳುವಿನಲ್ಲಿ ಏನೋ ಹೇಳುತ್ತಾರೆ, ಅರ್ಧಕ್ಕರ್ಧ ನನಗೆ ತಿಳಿಯುವುದಿಲ್ಲ. ಅದರ ಬಗ್ಗೆ ನಾನು ಎಲ್ಲಿಯೂ ಒಂದಕ್ಷರ ಬರೆದಿರಲಿಲ್ಲ, ಇವತ್ತಿನವರೆಗೆ.