ಹುರುಳಿ ತಿರುವು, ಮೆತ್ತನೆ ಟೈರು

ಯಾರಾದರೂ ಎದುರು ಸಿಕ್ಕರೆ ನಾನು ಮೊದಲು ನೋಡುವುದು ಅವರ ಗಾಡಿಯ ಟೈರನ್ನು. ಮುಖ ಆಮೇಲೆ. ಮದುವೆಗೆ ಹೋದರೂ ಅಷ್ಟೇ. ಛತ್ರದ ಮುಂದೆ ಸಾಲಾಗಿ ನಿಂತ ಬೈಕುಗಳ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿಕೊಂಡು ಒಳಗೆ ಹೋಗುವ ಹೊತ್ತಿಗೆ ಮೊದಲ ಪಂಕ್ತಿ ಎದ್ದಿರುತ್ತದೆ. ಉಗುರು ಒತ್ತಿದ ಗುರುತು ಉಳಿದರೆ ರಬ್ಬರು ಮೆತ್ತಗೆ, ಅದು ರಸ್ತೆಯನ್ನು ಹಿಡಿಯುತ್ತದೆ. ಉಳಿಯದಿದ್ದರೆ ಗಟ್ಟಿ, ಬಹಳ ದಿನ ಬಾಳುತ್ತದೆ. ಇಷ್ಟು ತಿಳಿಯಲು ಶಾಲೆ ಬೇಕಾಗಿಲ್ಲ. ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಆಮೇಲೆ ಗಮನವಿಟ್ಟು ಓದಿದ್ದು ಅಂತ ಇದ್ದರೆ ಟೈರಿನ ಪಕ್ಕದಲ್ಲಿ ಉಬ್ಬಿರುವ ಅಂಕಿಗಳನ್ನು ಮಾತ್ರ.

ಈ ಚಾಳಿ ಹುಟ್ಟಿದ್ದು ಒಂದು ಸಲ ಬಿದ್ದದ್ದರಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ದಿಬ್ಬೂರಹಳ್ಳಿ ದಾಟಿ ಸಾದಲಿ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ನಾನು, ಅಮ್ಮ, ಒಂದೆಕರೆ ಹಿಪ್ಪುನೇರಳೆ ತೋಟ, ಚೂರು ಹುರುಳಿ ಹೊಲ, ಮತ್ತೆ ರೇಷ್ಮೆ ಹುಳು. ಗೂಡು ಬಿಡಿಸಿದ ಬೆಳಿಗ್ಗೆ ಮೂಟೆ ಕಟ್ಟಿ ಬೈಕಿಗೆ ಬಿಗಿದು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ಯುವುದು ನನ್ನ ಕೆಲಸ. ನಮ್ಮದಲ್ಲದೆ ಊರಿನ ನಾಲ್ಕಾರು ಮನೆಯವರ ಗೂಡನ್ನೂ ಒಯ್ಯುತ್ತೇನೆ. ಹಾಗಾಗಿ ನನ್ನ ಟೈರು ಬೇರೆಯವರದಕ್ಕಿಂತ ಬೇಗ ಸವೆಯುತ್ತದೆ.

ಊರಿಗೆ ಸ್ವಲ್ಪ ಮೊದಲು ಮೋರಿ ಪಕ್ಕ ಒಂದು ತಿರುವು, ಅಲ್ಲಿ ಒಂದು ಹುಣಸೆ ಮರ. ಹುರುಳಿ ಕಿತ್ತ ಮೇಲೆ ನಮ್ಮ ಕಡೆಯವರು ಅದನ್ನು ಟಾರು ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಹತ್ತಿಳಿದು ಕಾಳು ಉದುರಿಸಿಕೊಡುತ್ತವೆ. ಎತ್ತು ಬೇಡ, ಕಣ ಬೇಡ, ಕೂಲಿ ಬೇಡ. ಎಲ್ಲರೂ ನೆಟ್ಟಗಿರುವ ಜಾಗದಲ್ಲಿ ಹರಡುತ್ತಿದ್ದರು. ನಾನು ನೋಡಿದೆ. ನೆಟ್ಟಗಿದ್ದ ಕಡೆ ಡ್ರೈವರುಗಳು ಪಕ್ಕಕ್ಕೆ ಸರಿದು ಹೋಗುತ್ತಾರೆ, ಅರ್ಧ ಹುರುಳಿ ಹಾಗೇ ಉಳಿಯುತ್ತದೆ. ತಿರುವಿನಲ್ಲಿ ಹರಡಿದರೆ ಸರಿಯಲು ಜಾಗವಿಲ್ಲ, ಎಲ್ಲ ಚಕ್ರವೂ ಮೇಲೆಯೇ ಬರಬೇಕು. ಊರಲ್ಲಿ ಈ ಉಪಾಯ ಮೊದಲು ಹೊಳೆದದ್ದು ನನಗೆ, ನಮ್ಮ ಹುರುಳಿಯನ್ನು ಅಲ್ಲೇ ಹರಡಿದೆ. ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೂರನೇ ದಿನ ಸಾಯಂಕಾಲ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಶಿಡ್ಲಘಟ್ಟದಿಂದ ಬರುವಾಗ ಅದೇ ತಿರುವಿನಲ್ಲಿ, ನಮ್ಮದೇ ಹುರುಳಿಯ ಮೇಲೆ, ಬೈಕು ಜಾರಿತು. ಒಣಗಿದ ಹುರುಳಿ ಕಾಳು ಟಾರಿನ ಮೇಲೆ ಬೇರಿಂಗಿನ ಗುಂಡು ಇದ್ದ ಹಾಗೆ. ನನಗೆ ಮಂಡಿ ತರಚಿತು. ಅಮ್ಮನಿಗೆ ಎಡಗೈ ಮಣಿಕಟ್ಟು ಮುರಿಯಿತು. ರಸ್ತೆಯ ಮೇಲೆ ಬಿದ್ದುಕೊಂಡೇ ಅವಳು ಹೇಳಿದ ಮೊದಲ ಮಾತು, ಪೆಟ್ರೋಲು ಹುರುಳಿ ಮೇಲೆ ಸೋರುತ್ತಿದೆ, ಗಾಡಿ ಎತ್ತು ಅಂತ.

ಹೇಗಾಯಿತು ಅಂತ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟೆ: ಟೈರು ಸವೆದಿತ್ತು, ಟೈರು ಬೀಳಿಸಿತು. ಸುಳ್ಳಲ್ಲ. ಹಿಂದಿನ ಟೈರು ಮೂರನೇ ವರ್ಷದ್ದು, ಮೇಲಿನ ಉಬ್ಬು ಬಟನ್ ಎಲ್ಲ ಸವೆದು ನೆಲಸಮವಾಗಿತ್ತು.

ಕಟ್ಟು ಬಿಚ್ಚಿದ ಮೇಲೆ ಅಮ್ಮ ನನ್ನ ಬೈಕು ಹತ್ತಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ಹತ್ತಲಿಲ್ಲ ಅಷ್ಟೇ. ಗೌರಿಬಿದನೂರಿನಲ್ಲಿ ಅಕ್ಕನ ಮನೆ. ಅಲ್ಲಿಗೆ ಹೋಗಬೇಕಾದರೆ ಶಿಡ್ಲಘಟ್ಟದಲ್ಲಿ ಒಂದು ಬಸ್ಸು ಇಳಿದು, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಇಳಿದು ಮೂರನೆಯದು ಹತ್ತಬೇಕು. ಬಲ ಬಾರದ ಕೈಯಲ್ಲಿ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು. ಅದನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಉರಿದದ್ದು ಬೇರೆ. ಡೈರಿಗೆ ಹಾಲು ಹಾಕಿ ವಾಪಸು ಬರುವ ನಾರಾಯಣಪ್ಪನ ಮೊಪೆಡ್ಡಿನಲ್ಲಿ, ಖಾಲಿ ಕ್ಯಾನುಗಳ ನಡುವೆ ಜಾಗ ಮಾಡಿಕೊಂಡು, ಆರಾಮಾಗಿ ಕೂತು ಬರುತ್ತಿದ್ದಳು. ಆ ಮೊಪೆಡ್ಡಿನ ಟೈರು ನೋಡಿದ್ದೀರಾ? ಬೋಳು. ಒಳಗಿನ ನೂಲು ಕಾಣುತ್ತಿತ್ತು. ಅಂಥದ್ದರ ಮೇಲೆ ಕೂರುತ್ತಾಳೆ, ಹೆತ್ತ ಮಗನ ಹಿಂದೆ ಕೂರುವುದಿಲ್ಲ.

ಆಗ ತೀರ್ಮಾನ ಮಾಡಿದೆ. ಈ ನಾಲ್ಕು ತಾಲೂಕಿನಲ್ಲಿ ಯಾರ ಹತ್ತಿರವೂ ಇಲ್ಲದಂಥ ಹಿಡಿತದ ಟೈರು ಹಾಕಿಸಬೇಕು. ಅಮ್ಮನನ್ನು ಮತ್ತೆ ಕೂರಿಸಲೇಬೇಕು.

ಚಿಂತಾಮಣಿಯ ನನ್ನ ಗೆಳೆಯ ಮಂಜನಿಗೆ ವಿಷಯ ಹೇಳಿದೆ. ಅವನು ಬೆಂಗಳೂರಿನಿಂದ ಯಾರೋ ರೇಸು ಓಡಿಸಿ ಬಿಟ್ಟ ಟೈರು ತಂದುಕೊಟ್ಟ. ಗೆರೆಯೇ ಇಲ್ಲ, ನುಣ್ಣಗೆ. ಉಗುರು ಒತ್ತಿದರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಕುಣಿಯುತ್ತ ಶಿಡ್ಲಘಟ್ಟಕ್ಕೆ ಒಯ್ದು ಪಂಕ್ಚರ್ ಅಂಗಡಿ ಅಮಾನ್ ಭಾಯ್ ಮುಂದೆ ಇಟ್ಟೆ. ಅವರು ಟೈರನ್ನು ಒಂದು ಸುತ್ತು ತಿರುಗಿಸಿ, ಪಕ್ಕದಲ್ಲಿ ಬರೆದದ್ದರ ಮೇಲೆ ಬೆರಳಿಟ್ಟು, ಓದು ಅಂದರು. ಇಂಗ್ಲಿಷು. ನನಗೆ ಬರುವುದಿಲ್ಲ ಅಂತ ಅವರಿಗೂ ಗೊತ್ತು. ಅವರೇ ಅರ್ಥ ಹೇಳಿದರು: ಇದು ರೇಸಿಗೆ ಮಾತ್ರ, ರಸ್ತೆಗಲ್ಲ. ರಸ್ತೆಗೆ ಹಾಕಿದರೆ ಕಾನೂನು ಒಪ್ಪುವುದಿಲ್ಲ. ಕಾನೂನು ಹಾಗಿರಲಿ ಅಂದುಕೊಂಡರೂ, ಈ ಜಾತಿ ಟೈರು ಕೈ ಸುಡುವಷ್ಟು ಕಾದ ಮೇಲೆ ಹಿಡಿಯುತ್ತದೆ, ತಣ್ಣಗಿದ್ದಾಗ ಜಾರುತ್ತದೆ.

“ನೀನು ಬೆಳಗ್ಗೆ ಮಂಜಲ್ಲಿ ಗೂಡು ಹಾಕ್ಕೊಂಡು ಬರೋನು. ನಿನ್ ಟೈರು ಎಲ್ಲಿ ಕಾಯ್ತೈತೆ? ಮಳೆ ಬಂದ್ರೆ ನೀರು ಹೋಗಕ್ಕೆ ಗೆರೆನೂ ಇಲ್ಲ” ಅಂದರು. ಎಷ್ಟು ಗೋಗರೆದರೂ ಹಾಕಿಕೊಡಲಿಲ್ಲ. ಆ ಟೈರು ಈಗ ನಮ್ಮ ತೋಟದ ತೊಟ್ಟಿಯ ಪಕ್ಕ ಇದೆ. ಅದರೊಳಗೆ ಮಣ್ಣು ತುಂಬಿ ಅಮ್ಮ ಪುದೀನ ಹಾಕಿದ್ದಾಳೆ.

ಅವತ್ತು ಅಮಾನ್ ಭಾಯ್ ಬಾಯಿಂದ ಕಲಿತದ್ದು ನನಗೆ ಇವತ್ತಿಗೂ ಸಾಕಾಗುತ್ತದೆ. ಹಿಡಿತ ಬೇಕಾ, ಬಾಳಿಕೆ ಬೇಕಾ, ಮೊದಲು ತೀರ್ಮಾನಿಸಬೇಕು. ಎರಡೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದಿಲ್ಲ. ಮೆತ್ತನೆ ರಬ್ಬರು ರಸ್ತೆಗೆ ಅಂಟುತ್ತದೆ, ಅಂಟಿದ ಕಡೆಯೆಲ್ಲ ತನ್ನನ್ನು ಸ್ವಲ್ಪ ಬಿಟ್ಟು ಬರುತ್ತದೆ. ಹಾಗಾಗಿ ಬೇಗ ಮುಗಿಯುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ಯಾವ ವಾರ, ಉಳಿದ ಎರಡು ಯಾವ ವರ್ಷ ತಯಾರಾಯಿತು ಅಂತ. ಅಂಗಡಿ ಮುಂದೆ ಬಿಸಿಲಿಗೆ ತೂಗುಹಾಕಿದ್ದನ್ನು ಕೊಳ್ಳಬಾರದು. ಎಷ್ಟೇ ಮೆತ್ತನೆಯದಾದರೂ ವರ್ಷಗಟ್ಟಲೆ ಒಣಗಿದರೆ ಹಪ್ಪಳ ಆಗುತ್ತದೆ. ಗಾಳಿಯನ್ನು ಟೈರು ತಣ್ಣಗಿದ್ದಾಗ ನೋಡಿಸಬೇಕು. ಹೆಚ್ಚು ಹೊಡೆಸಿದರೆ ನಡುವೆ ಸವೆಯುತ್ತದೆ, ಕಡಿಮೆಯಾದರೆ ಅಂಚು ಸವೆಯುತ್ತದೆ. ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದ ದಿನ ಟೈರಿನ ಆಯಸ್ಸು ಮುಗಿಯಿತು. ಇನ್ನೊಂದು ತಿಂಗಳು ಓಡಿಸೋಣ ಅನ್ನುವವನು ಓಡಿಸಿಕೊಳ್ಳಲಿ, ನನ್ನನ್ನು ಕೇಳಬಾರದು.

ಚಿಕ್ಕಬಳ್ಳಾಪುರಕ್ಕೆ ಹೋಗಿ ರಸ್ತೆಗೆ ಅಂತಲೇ ಮಾಡಿದ ಮೆತ್ತನೆ ಟೈರು ಕೊಂಡೆ. ಅಂಗಡಿಯವನು ಬಣ್ಣದ ವಾಲ್ವ್ ಟೋಪಿ, ಬಿಳಿ ಅಕ್ಷರ, ಹೊಸದಾಗಿ ಬಂದ ನೈಟ್ರೋಜನ್ ಗಾಳಿ, ಏನೇನೋ ತೋರಿಸಿದ. ನನಗೆ ಅಲಂಕಾರ ಬೇಡ, ಹಿಡಿಯುವ ರಬ್ಬರು ಕೊಡು ಅಂದೆ. ಹೊಸ ಟೈರಿನ ಮೇಲೆ ನುಣುಪಾದ ಪೊರೆ ಇರುತ್ತದೆ, ಅದು ಹೋಗುವ ತನಕ ಎರಡು ದಿನ ಮೆಲ್ಲಗೆ ಓಡಿಸಿದೆ. ಮೂರನೇ ದಿನ ನಂದಿ ಬೆಟ್ಟದ ತಿರುವುಗಳಲ್ಲಿ ಓಡಿಸಿದೆ. ಏನು ಹೇಳಲಿ! ಬೈಕು ವಾಲಿದಷ್ಟೂ ವಾಲಿತು, ಒಂದು ಕಡೆಯೂ ಟೈರು ಜಾರಲಿಲ್ಲ.

ಮನೆಗೆ ಬಂದು ಅಮ್ಮನನ್ನು ಕರೆದು ಟೈರು ಮುಟ್ಟಿಸಿದೆ. ಅವಳು ರಾಗಿ ಮುದ್ದೆ ಬೆಂದಿದೆಯಾ ಅಂತ ನೋಡುವ ಹಾಗೆ ಒತ್ತಿ ನೋಡಿ, ಎಷ್ಟು ದಿನ ಬರುತ್ತದೆ ಅಂತ ಕೇಳಿದಳು. ಹಳೆಯದರ ಅರ್ಧ ಅಂದೆ. ನಕ್ಕು ಒಳಗೆ ಹೋದಳು. ಮಾರನೇ ದಿನ ಮತ್ತೆ ನಾರಾಯಣಪ್ಪನ ಮೊಪೆಡ್ಡು.

ನಾನು ಹಟ ಬಿಡಲಿಲ್ಲ. ನೋಡಲಿ, ಒಂದು ವರ್ಷ ಬೀಳದೆ ಓಡಿಸಿ ತೋರಿಸುತ್ತೇನೆ ಅಂದುಕೊಂಡೆ. ನಮ್ಮ ಕಡೆ ಲೆಕ್ಕ ಕಿಲೋಮೀಟರಿನಲ್ಲಿ ಇಲ್ಲ, ಬೆಳೆಯಲ್ಲಿ. ಮೊಟ್ಟೆ ತಂದು, ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಎದ್ದು, ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಯಲ್ಲಿ ಗೂಡು ಕಟ್ಟಿ, ಅದು ಮಾರ್ಕೆಟ್ಟಿಗೆ ಹೋದರೆ ಒಂದು ಬೆಳೆ. ಗಟ್ಟಿ ಟೈರು ನನಗೆ ಹತ್ತು ಬೆಳೆ ಬರುತ್ತಿತ್ತು. ಮೆತ್ತನೆಯದು ಐದನೇ ಬೆಳೆಗೆ ದಿಣ್ಣೆ ತೋರಿಸಿತು. ಹುಳು ಜ್ವರಕ್ಕೊಮ್ಮೆ ಪೊರೆ ಬಿಟ್ಟು ದಪ್ಪ ಆಗುತ್ತದೆ. ಟೈರು ಬೆಳೆಗೊಮ್ಮೆ ಪೊರೆ ಬಿಟ್ಟು ತೆಳ್ಳಗಾಗುತ್ತದೆ. ಇರಲಿ. ಒಂದು ವರ್ಷ ಒಂದು ಸಲವೂ ಬೀಳಲಿಲ್ಲ. ಅದೇ ಜಾತಿಯ ಇನ್ನೊಂದು ಹೊಸ ಟೈರು ಹಾಕಿಸಿದೆ.

ಅಷ್ಟರಲ್ಲಿ ಮತ್ತೆ ಹುರುಳಿ ಬಂತು. ನಾನು ಹೊರೆ ಹೊತ್ತು ಅದೇ ಮೋರಿ ತಿರುವಿಗೆ ಹೋದೆ.

“ಮತ್ತೆ ಅಲ್ಲೇನಾ?” ಅಂದಳು ಅಮ್ಮ.

“ಈಗ ಟೈರು ಬೇರೆ ಐತಲ್ಲಮ್ಮ” ಅಂದೆ.

ಅವಳು ಪೊರಕೆ, ಮೊರ ತಗೊಂಡು ಹುಣಸೆ ಮರದ ಕೆಳಗೆ ಕೂತಳು. ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ಬಂದೆ. ದೂರದಿಂದಲೇ ಅವಳು ಕಂಡಳು. ಇವತ್ತು ತೋರಿಸಿಯೇ ಬಿಡೋಣ ಅನ್ನಿಸಿತು. ವೇಗ ಇಳಿಸಲಿಲ್ಲ. ಹುರುಳಿಯ ಮೇಲೆ ಬಂದು, ಹಿಡಿತ ಕಾಣಲಿ ಅಂತ ಬ್ರೇಕೂ ಒತ್ತಿದೆ. ನಾಲ್ಕು ತಾಲೂಕಿನ ಒಳ್ಳೆಯ ಟೈರು ನನ್ನನ್ನು ಹುಣಸೆ ಮರದ ಬುಡಕ್ಕೆ, ಅಮ್ಮನ ಕಾಲಿನ ಹತ್ತಿರಕ್ಕೇ ತಂದು ಮಲಗಿಸಿತು.

ಅಮ್ಮ ಎದ್ದು ಬಂದು ನನ್ನ ಕೈ, ಕಾಲು, ತಲೆ ಮುಟ್ಟಿ ನೋಡಿದಳು. ಎಲ್ಲ ನೆಟ್ಟಗಿದೆ ಅಂತ ಖಾತ್ರಿಯಾದ ಮೇಲೆ ಪಕ್ಕದಲ್ಲೇ ಕುಕ್ಕರಿಸಿದಳು.

“ಈಗ ಯಾವ ಟೈರ್‌ನ ಬೈಯ್ತೀಯಪ್ಪ?”

ನಾನು ಮೈಮೇಲಿನ ಹುರುಳಿ ಕೊಡವಿಕೊಂಡೆ.

“ನಾನು ಹತ್ತದೆ ಇದ್ದಿದ್ದು ಬಿದ್ದಿದ್ದಕ್ಕಲ್ಲ ಕಣಪ್ಪ. ಬೀಳ್ದೆ ಇರೋರು ಯಾರವ್ರೆ? ಟೈರು ಬೀಳ್ಸ್ತು, ಟೈರು ಬೀಳ್ಸ್ತು ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಯಲ್ಲ, ಅದಕ್ಕೆ. ಹುರುಳಿ ಹಾಕ್ದೋನು ನೀನು, ಅದರ ಮೇಲೆ ಓಡಿಸ್ದೋನು ನೀನು. ಒಂದು ದಿನ, ಬೀಳ್ಸಿದ್ದು ನಾನು ಅಂದ್ಯಾ?”

ಆಮೇಲೆ ನಾರಾಯಣಪ್ಪನ ವಿಷಯ ಹೇಳಿದಳು. ಅವನಿಗೆ ತನ್ನ ಟೈರು ಬೋಳು ಅಂತ ಗೊತ್ತು. ಆ ತಿರುವಿಗೆ ಬಂದ ಕೂಡಲೇ ಇಳಿದು ಮೊಪೆಡ್ಡು ತಳ್ಳಿಕೊಂಡು ಹೋಗುತ್ತಾನೆ. ಕ್ಯಾನೂ ಇಳಿಸುವುದಿಲ್ಲ, ಅಮ್ಮನನ್ನೂ ಇಳಿಸುವುದಿಲ್ಲ. ಹೋದ ವರ್ಷ ಹುರುಳಿ ಇದ್ದಾಗಲೂ ಹಾಗೇ ಹೋದ, ಇವತ್ತು ಬೆಳಿಗ್ಗೆಯೂ ಹಾಗೇ ಹೋದ. ನಾನು ಹರಡಿದ ಹುರುಳಿಯ ಬಗ್ಗೆ ಒಂದು ಮಾತೂ ಆಡಿಲ್ಲ.

ಎದ್ದು ಪೊರಕೆ ತಗೊಂಡೆ. ತಿರುವಿನ ಈ ತುದಿಯಿಂದ ಆ ತುದಿಯ ತನಕ ಒಂದು ಕಾಳು ಉಳಿಯದ ಹಾಗೆ ಗುಡಿಸಿದೆ. ಹೊರೆಯನ್ನೆಲ್ಲ ಊರ ಹಿಂದಿನ ಬಂಡೆಗೆ ಸಾಗಿಸಿದೆ. ಬಂಡೆಯ ಮೇಲೆ ಬಸ್ಸು ಬರುವುದಿಲ್ಲ, ದೊಣ್ಣೆ ಹಿಡಿದು ನಾನೇ ಬಡಿಯಬೇಕು. ಎರಡು ದಿನ ಬಡಿದೆ. ಅಂಗೈಯಲ್ಲಿ ಗುಳ್ಳೆ ಬಂತು. ಸಿಕ್ಕವರಿಗೆಲ್ಲ ಕೇಳದಿದ್ದರೂ ಹೇಳಿದೆ, ಹೋದ ವರ್ಷ ಅಮ್ಮನನ್ನು ಬೀಳಿಸಿದ್ದು ನಾನು ಅಂತ. ಕೆಲವರು ಅದೀಗ ಯಾಕೆ ಅಂತ ನೋಡಿದರು. ಅಮಾನ್ ಭಾಯ್ ಮಾತ್ರ, ಟೈರು ಎಷ್ಟೇ ಮೆತ್ತಗಿರಲಿ, ರಸ್ತೆ ಮುಟ್ಟಿದರೆ ತಾನೇ ಹಿಡಿಯುವುದು ಅಂತ ನಕ್ಕರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದೆ. ರಸ್ತೆಯ ಮೇಲೆ ಏನಿತ್ತು ಅಂತ ನೀನು ಹೇಳಿದ್ದೆಯಾ ಅಂದರು.

ಆ ವಾರ ಗೌರಿಬಿದನೂರಿಗೆ ಹೋಗಬೇಕಿತ್ತು. ಬೆಳಿಗ್ಗೆ ಬೈಕು ಒರೆಸುತ್ತಿದ್ದೆ. ಅಮ್ಮ ಬ್ಯಾಗು ತಂದು ಟ್ಯಾಂಕಿನ ಮೇಲೆ ಇಟ್ಟಳು. ಹಿಂದೆ ಕೂತಳು. ವರ್ಷದ ಮೇಲೆ ಅವಳ ಭಾರ ಬಿದ್ದು ಬೈಕು ಸ್ವಲ್ಪ ಕುಸಿದದ್ದು ನನಗೆ ಗೊತ್ತಾಯಿತು. ಮುರಿದಿದ್ದ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟಳು. ಮೋರಿ ತಿರುವು ಬಂತು. ಟಾರು ಕಪ್ಪಗೆ ಖಾಲಿ ಇತ್ತು. ಟೈರು ಹಿಡಿಯಿತು. ಅವಳ ಕೈಯೂ ಹೆಗಲನ್ನು ಹಿಡಿಯಿತು, ಚೂರು ನೋಯುವಷ್ಟು.

ದಿಬ್ಬೂರಹಳ್ಳಿ ಇನ್ನೂ ಮುಂದಿತ್ತು. ಅಷ್ಟರಲ್ಲೇ ಇನ್ನೊಂದು ಊರಿನ ತಿರುವು. ನನ್ನ ಉಪಾಯ ಅಲ್ಲಿಗೂ ಹೋಗಿತ್ತು ಅಂತ ಕಾಣುತ್ತದೆ, ರಸ್ತೆ ತುಂಬ ಹುರುಳಿ. ಬೈಕು ನಿಲ್ಲಿಸಿದೆ. ಇಳಿದೆ. ಅಮ್ಮ, ಇಳಿ, ಆ ಕಡೆಗೆ ನಡಕೊಂಡು ಹೋಗೋಣ ಅಂದೆ.

“ಇಳಿಯಲ್ಲ. ನಾರಾಯಣಪ್ಪ ಕೂರಿಸ್ಕೊಂಡೇ ತಳ್ತಾನೆ.”

ಮೊಪೆಡ್ಡು ಬೇರೆ, ಇದು ಬೇರೆ ಅಂತ ಹೇಳಿ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ ಕೂತಳು. ತಳ್ಳಿದೆ. ನೂರೈವತ್ತು ಸಿಸಿ ಬೈಕು, ಮೇಲೆ ಅಮ್ಮ, ಮೇಲೆ ಅಕ್ಕನಿಗೆ ಅಂತ ಕಟ್ಟಿದ ಅವರೆಕಾಯಿ ಮೂಟೆ. ಟೈರು ಮೆಲ್ಲಗೆ, ಮರ್ಯಾದೆಯಿಂದ ಹುರುಳಿಯ ಮೇಲೆ ಉರುಳಿತು. ಜಾರುತ್ತಿದ್ದದ್ದು ನನ್ನ ಚಪ್ಪಲಿ. ಒಂದು ವರ್ಷ ಟೈರು ಟೈರು ಅಂತ ನಾಲ್ಕು ತಾಲೂಕು ಸುತ್ತಿದವನು ಕಾಲಿನಲ್ಲಿದ್ದ ಹವಾಯಿ ಚಪ್ಪಲಿಯ ತಳ ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ನಾರಾಯಣಪ್ಪನ ಟೈರಿಗಿಂತ ಬೋಳಾಗಿತ್ತು.

ಈಗಲೂ ಹುಡುಗರು ಬಂದು ಯಾವ ಟೈರು ಹಾಕಿಸಲಿ ಅಂತ ಕೇಳುತ್ತಾರೆ. ಮೆತ್ತನೆಯದೇ ಹಾಕಿಸು, ಐದು ಬೆಳೆ ಬರುತ್ತದೆ, ದಿಣ್ಣೆ ಕಂಡ ದಿನ ಬಿಸಾಕು ಅನ್ನುತ್ತೇನೆ. ಆಮೇಲೆ, ನಿಮ್ಮೂರ ತಿರುವಿನಲ್ಲಿ ಏನು ಹರಡಿದೆ, ಹರಡಿದವರು ಯಾರು ಅಂತ ಕೇಳುತ್ತೇನೆ. ಕೆಲವರು ತಲೆ ತಗ್ಗಿಸುತ್ತಾರೆ. ಅಂಥವರ ಕಾಲಿನ ಚಪ್ಪಲಿಯನ್ನೂ ಒಂದು ಸಲ ನೋಡಿಬಿಡುತ್ತೇನೆ.